ಗ್ವಾಡಿಗುಂಟ ಕೂತ ಹುಡುಗಿ

ಪ್ರೇಮದ ಕಾದಂಬರಿ ಅಂದ್ರ ಕಾಲೇಜ್ ಹುಡುಗ್ಯಾರು ಓದೋದು, ಸೊಸಿ ಬರೋ ವಯಸ್ಸಿನ್ಯಾಗ ನಮಗ್ಯಾಕ ಅದು ಅಂತ ಭಾಳ ಮಂದಿ ಅಂತಾರ. ನಾ ಅದಕ್ಕ ಉಲ್ಟಾ ಹೇಳತೀನಿ. ಪ್ರೇಮದ ಕಾದಂಬರಿ ಒಳಗ ಒಂದು ಥರ ಅದ: ಮೊದಲ ಬರೇ ಗೆಳೆಯಾ-ಗೆಳತಿ ಆಗಿದ್ದವರು ಮುಂದ ಪ್ರೀತಿಗೆ ಬೀಳೋದು. ಅಂಥಾ ಪುಸ್ತಕ ಹುಡುಗ್ಯಾರಿಗಿಂತ ಮೊದಲ ಅವರ ಅವ್ವಂದಿರು, ಕಾಕುಗೋಳು, ಅತ್ಯಾಗೋಳು ಓದಬೇಕು. ಯಾಕಂದ್ರ ಮನ್ಯಾಗ ಲಗ್ನದ ಮಾತು ತಗಿಯೋರು ನಾವು. ಸ್ಥಳ ಹುಡುಕೋರು ನಾವು. ‘ಹುಡುಗ ಛಲೋ ಇದ್ದಾನ, ಇನ್ನೇನು ನೋಡತೀರಿ’ ಅಂತ ಒತ್ತಾಯ ಮಾಡೋರೂ ನಾವೇ.

ನಾ ಓದಿದ್ದು ಜೂಲಿಯಾ ಕ್ವಿನ್ ಅನ್ನೋ ಅಮೆರಿಕಾದ ಲೇಖಕಿ ಬರೆದ ‘ರೊಮ್ಯಾನ್ಸಿಂಗ್ ಮಿಸ್ಟರ್ ಬ್ರಿಜರ್‌ಟನ್’. 2002ರಾಗ ಬಂದದ್ದು. ಎಂಟು ಮಂದಿ ಅಣ್ಣ-ತಮ್ಮ, ಅಕ್ಕ-ತಂಗೇರು ಇರೋ ಬ್ರಿಜರ್‌ಟನ್ ಅನ್ನೋ ಮನೆತನದ್ದು ಎಂಟು ಪುಸ್ತಕ ಅವ, ಒಬ್ಬೊಬ್ಬರ ಲಗ್ನದ್ದು ಒಂದೊಂದು. ಇದು ನಾಕನೇದು. ಇದನ್ನೇ ಹಿಡಕೊಂಡು 2024ರಾಗ ನೆಟ್‌ಫ್ಲಿಕ್ಸ್‌ನವರು ಬ್ರಿಜರ್‌ಟನ್ ಸೀರಿಯಲ್ಲಿನ ಮೂರನೇ ಸೀಸನ್ ಮಾಡಿದ್ರು. ಮಗಳು ಅದನ್ನ ತೋರಿಸಿದ ಮ್ಯಾಲೆ ಪುಸ್ತಕಾ ನನ್ನ ಫೋನಿನೊಳಗ ಹಾಕಿ ಕೊಟ್ಟಳು. ಪಿಯುಸಿ ತನಕ ಕಲ್ತ ಇಂಗ್ಲಿಷು ನಂದು. ಆದ್ರೂ ಫೋನಿನ್ಯಾಗ ಶಬ್ದದ ಮ್ಯಾಲೆ ಬೆರಳು ಒತ್ತಿದ್ರ ಅರ್ಥ ಬರತದ ನೋಡ್ರಿ, ಮಧ್ಯಾಹ್ನ ಊಟ, ಮುಸುರಿ ಮುಗಿಸಿ ದಿನಾ ಒಂದು ಅಧ್ಯಾಯ ಅಂತ ಓದಿ ಮುಗಿಸಿದೆ. ಕತಿ ಪೂರ್ತಿ ಹೇಳಬ್ಯಾಡಾ ಅನ್ನೋರು ಇಲ್ಲೇ ಬಿಡ್ರಿ. ಅದನ್ನ ಹೇಳಲಾರದ ನನ್ನ ಮಾತು ಮುಂದ ಹೋಗಂಗಿಲ್ಲ.

ಹುಡುಗಿ ಹೆಸರು ಪೆನೆಲೊಪಿ. ಲಂಡನ್ನಿನ ದೊಡ್ಡ ಮಂದಿ ಇರೋ ಓಣಿಯಾಕಿ, ಅಪ್ಪ ಇಲ್ಲ. ಸ್ವಲ್ಪ ದಪ್ಪ, ಮಾತು ಕಡಿಮಿ. ಅವ್ವ ಅಕಿಗೆ ಒಪ್ಪಲಾರದ ಹಳದಿ, ಕೇಸರಿ ಬಣ್ಣದ ಡ್ರೆಸ್ಸೇ ಹೊಲಸತಾಳ. ಡಾನ್ಸಿನ ಸಮಾರಂಭಕ್ಕ ಹೋದ್ರ ಅಕಿನ್ನ ಯಾರೂ ಕರಿಯಂಗಿಲ್ಲ. ಗ್ವಾಡಿಗುಂಟ ಕುರ್ಚೇದ ಮ್ಯಾಲೆ ಮುದುಕ್ಯಾರ ಜೋಡಿ ಕೂಡತಾಳ. ಹಂಗ ಕೂಡೋರಿಗೆ ಇಂಗ್ಲಿಷಿನ್ಯಾಗ ಒಂದು ಹೆಸರೇ ಅದ, ವಾಲ್‌ಫ್ಲವರ್, ಗ್ವಾಡಿ ಹೂವು. ಹೆಸರಿನ್ಯಾಗ ಹೂವು ಅದ ಖರೇ, ಆದ್ರ ಅನ್ನೋರಿಗೆ ಅಕಿ ಗ್ವಾಡಿ ಇದ್ದಂಗನ. ಕತಿ ನಡಿಯೋದು 1824ರಾಗ. ಆಗ ಅಕಿಗೆ 28 ವರ್ಷ, ಅಂದ್ರ ಆ ಕಾಲದ ಲೆಕ್ಕದಾಗ ಲಗ್ನದ ವಯಸ್ಸು ದಾಟಿ ಹೋದಾಕಿ. ಅಕಿ ಅವ್ವನೂ ಕೈಬಿಟ್ಟಾಳ.

ಹುಡುಗ ಕಾಲಿನ್, ಬ್ರಿಜರ್‌ಟನ್ ಮನೆತನದ ಮೂರನೇ ಮಗ. ಪೆನೆಲೊಪಿಯ ಜೀವದ ಗೆಳತಿ ಎಲೊಯ್ಸ್ ಅಂತ, ಅಕಿ ಅಣ್ಣ ಇಂವ. ಹದಿನಾರು ತುಂಬೋಕಿಂತ ಎರಡು ದಿನ ಮೊದಲ ಗಾಳಿಗೆ ಪೆನೆಲೊಪಿಯ ಟೊಪಿಗಿ ಹಾರಿ ಕುದುರಿ ಮ್ಯಾಲೆ ಬರಾಕ್ಹತ್ತಿದ್ದ ಕಾಲಿನ್‌ನ ಮುಖಕ್ಕ ಬಡೀತದ. ಅಂವ ರಾಡಿಯೊಳಗ ಬೀಳತಾನ. ಬಿದ್ದು ಸಿಟ್ಟಿಗೇಳೋದು ಬಿಟ್ಟು ನಗತಾನ. ಆ ನಗುವಿಗೆ ಅಕಿ ಮನಸ್ಸು ಹೋಗತದ, ಹನ್ನೆರಡು ವರ್ಷ ಹಂಗೇ ಇರತದ. ನಡುವ ಒಂದು ಸಲ ಅಂವ ಅಣ್ಣಂದಿರ ಮುಂದ ‘ಪೆನೆಲೊಪಿನ್ನ ನಾ ಅಂತೂ ಲಗ್ನ ಆಗಾವಲ್ಲ’ ಅನ್ನೋ ಅರ್ಥದ ಮಾತು ಆಡತಾನ. ಅಕಿ ಅಲ್ಲೇ ಬಾಗಿಲದಾಗ ನಿಂತಿರತಾಳ. ಅಕಿ ಅಳಂಗಿಲ್ಲ, ಮರ್ಯಾದಿಲೆ ನಾಕು ಮಾತು ಆಡಿ ಹೋಗತಾಳ. ನನಗ ಆ ಪುಟ ದಾಟಿ ಮುಂದ ಹೋಗಲಿಕ್ಕೇ ಆಗಲಿಲ್ಲ, ಎರಡು ಸಲ ಓದಿದೆ. ಇಂಥಾ ಮಾತು ಬಾಗಿಲದ ಹಿಂದ ನಿಂತು ಕೇಳಿದ ಹೆಣ್ಣಮಕ್ಕಳು ನಮ್ಮ ಪೈಕಿ ಎಷ್ಟು ಮಂದಿ ಇಲ್ಲ ಹೇಳ್ರಿ. ‘ಕನ್ಯಾ ಸ್ವಲ್ಪ ಕಪ್ಪು’, ‘ಎತ್ತರ ಕಡಿಮಿ ಆತು’ ಅಂತ ಗಂಡಿನ ಕಡೆಯವರು ಹೊರಗ ಚಪ್ಲಿ ಹಾಕ್ಕೋತ ಆಡಿದ ಮಾತು ಅಡಗಿ ಮನಿ ತನಕ ಕೇಳಸತದ.

ಆಗಿನ ಲಂಡನ್ನಿನ ಪದ್ಧತಿ ಓದಿದ್ರ ಇದು ಧಾರವಾಡನ ಹೌದಲ್ಲೋ ಅನಸತದ. ಪಾರ್ಲಿಮೆಂಟ್ ಕೂಡೋ ವಸಂತದ ದಿನದಾಗ ಊರೂರಿನ ಜಮೀನದಾರರು ಮಕ್ಕಳನ್ನ ಕರಕೊಂಡು ಲಂಡನ್ನಿಗೆ ಬರತಿದ್ರು. ಅದಕ್ಕ ಸೀಸನ್ ಅಂತ ಹೆಸರು. ಡಾನ್ಸು, ಊಟ, ಗಾಡಿಯೊಳಗ ತಿರುಗಾಟ ಎಲ್ಲಾ ಮ್ಯಾಲಿನ ತೋರಿಕಿ, ಒಳಗಿಂದು ಸ್ಥಳ ನೋಡೋ ಕೆಲಸ. ಆಲ್ಮ್ಯಾಕ್ಸ್ ಅಂತ ಒಂದು ಡಾನ್ಸಿನ ಮನಿ ಇತ್ತು, ಬುಧವಾರಕ್ಕೊಮ್ಮೆ ಅಲ್ಲಿ ಮಂದಿ ಕೂಡತಿದ್ರು. ಯಾರನ್ನ ಒಳಗ ಬಿಡಬೇಕು ಅನ್ನೋದನ್ನ ನಾಕಾರು ದೊಡ್ಡ ಮನೀ ಹೆಣ್ಣಮಕ್ಕಳೇ ಕೂತು ನಿರ್ಧಾರ ಮಾಡತಿದ್ರು. ಅಷ್ಟು ದೊಡ್ಡಸ್ತಿಕಿ ಇದ್ದಲ್ಲೆ ತಿನ್ನಲಿಕ್ಕೆ ಕೊಡತಿದ್ದದ್ದು ಬೆಣ್ಣಿ ಸವರಿದ ತೆಳು ಬ್ರೆಡ್ಡು, ಒಣಾ ಕೇಕು, ಲಿಂಬಿ ಶರಬತ್ತು! ನಮ್ಮ ಕನ್ಯಾ ನೋಡೋ ಉಪ್ಪಿಟ್ಟು-ಶಿರಾ ಎಷ್ಟೋ ವಾಸಿ. ವರದಕ್ಷಿಣಿನೂ ಇತ್ತು. ಹುಡುಗಿ ಎಷ್ಟು ಪೌಂಡ್ ತರತಾಳ ಅನ್ನೋದು ಎಲ್ಲಾರಿಗೂ ಬಾಯಿಪಾಠ.

ಅದರ ಜೋಡಿ ಇನ್ನೊಂದು ಕಟ್ಟುಪಾಡು ಇತ್ತು. ಲಗ್ನ ಆಗದ ಹುಡುಗಿ ಹುಡುಗನ ಜೋಡಿ ಒಬ್ಬಾಕಿನೇ ಕೂಡಂಗಿಲ್ಲ, ದೊಡ್ಡೋರು ಒಬ್ಬರು ಕಾವಲಿಗೆ ಇರಲೇಬೇಕು. ಒಬ್ಬನ ಜೋಡಿ ಒಂದೇ ರಾತ್ರಿ ಎರಡು ಸಲಕ್ಕಿಂತ ಹೆಚ್ಚು ಡಾನ್ಸ್ ಮಾಡಿದ್ರ ಮಂದಿ ಬಾಯಿಗೆ ಬೀಳತಿದ್ರು. ಹಂಗಾದ್ರ ಗೆಳೆತನ ಆಗೋದಾದ್ರೂ ಹೆಂಗ? ಈ ಕಾದಂಬರಿಯ ಜಾಣತನ ಇರೋದು ಇಲ್ಲೇ. ಪೆನೆಲೊಪಿ-ಕಾಲಿನ್ ಗೆಳೆತನ ಬೆಳದದ್ದು ಡಾನ್ಸಿನ ಮನ್ಯಾಗ ಅಲ್ಲ, ಎಲೊಯ್ಸ್‌ಳ ಮನೀ ಪಡಸಾಲ್ಯಾಗ, ಚಹಾದ ಮುಂದ. ಗೆಳತಿ ಮನಿಗೆ ಹೋದಾಗ ಗೆಳತಿಯ ಅಣ್ಣ ಬಂದು ಕೂಡತಾನ, ನಾಕು ಬಿಸ್ಕಿಟ್ ತಿಂತಾನ, ಚ್ಯಾಷ್ಟಿ ಮಾಡತಾನ. ಎಲೊಯ್ಸ್‌ಳ ಅವ್ವ ಇಬ್ಬರಿಗೂ ಚಹಾ ಕೊಡತಾಳ. ಇಷ್ಟನ. ಒಂದು ಮನೀ ಪಡಸಾಲಿ ಬಾಗಿಲಾ ತಗದದ ಅಂತ ಹನ್ನೆರಡು ವರ್ಷದಾಗ ಇಬ್ಬರು ಮನುಷ್ಯಾರು ಒಬ್ಬರಿಗೊಬ್ಬರು ಗೊತ್ತಾಗತಾರ.

ಮುಂದಿಂದು ಇನ್ನೂ ಛಂದ ಅದ. ಕಾಲಿನ್ ದೇಶ ತಿರುಗಾಂವ. ಹೋದಲ್ಲೆಲ್ಲಾ ಡೈರಿ ಬರೀತಾನ, ಯಾರಿಗೂ ತೋರಿಸಿರಂಗಿಲ್ಲ. ಒಂದು ದಿನ ತೆರೆದಿಟ್ಟ ಡೈರಿನ್ನ ಪೆನೆಲೊಪಿ ಓದಿಬಿಡತಾಳ. ಅಂವ ಸಿಟ್ಟಿಗೇಳತಾನ. ಆದ್ರ ಅಕಿ ಭಾಳ ಛಲೋ ಬರದೀ ಅಂದ ಕೂಡಲೇ ಅವನ ಮುಖ ಬದಲಾಗತದ. ಊರ ಮಂದಿಗೆ ಅಂವ ಬರೇ ನಗಿಸೋ ಹುಡುಗ. ಅವನ ಒಳಗ ಏನಿದ್ದೀತು ಅಂತ ಯಾರೂ ಕೇಳಿಲ್ಲ. ಅಕಿ ಕೇಳಿದಳು. ರೂಪ ನೋಡಿ ಪ್ರೀತಿ ಆಗೋ ಕತಿಯೊಳಗ ಇದು ಬರಂಗಿಲ್ಲ. ಒಬ್ಬರು ಬರದದ್ದನ್ನ ಇನ್ನೊಬ್ಬರು ಗಮನ ಕೊಟ್ಟು ಓದೋದು ಗೆಳೆಯರ ಕೆಲಸ.

ಇನ್ನ ಅಕಿ ಗುಟ್ಟು. ಲೇಡಿ ವಿಸಲ್‌ಡೌನ್ ಅನ್ನೋ ಹೆಸರಿನ್ಯಾಗ ಯಾರೋ ಒಬ್ಬರು ಊರ ದೊಡ್ಡ ಮಂದಿಯ ಸುದ್ದಿ ಬರದು ಪತ್ರಿಕಿ ಮಾಡಿ ಮಾರತಿರತಾರ. ಯಾರು ಅಂತ ಕಂಡುಹಿಡದವರಿಗೆ ಸಾವಿರ ಪೌಂಡ್ ಕೊಡತೀನಿ ಅಂತ ಒಬ್ಬಾಕಿ ಘಾಟಿ ಮುದುಕಿ ಪಂಥ ಕಟ್ಟತಾಳ. ಬರಿಯಾಕಿ ಬ್ಯಾರೆ ಯಾರೂ ಅಲ್ಲ, ಗ್ವಾಡಿಗುಂಟ ಕೂತ ಪೆನೆಲೊಪಿ. ಅಕಿನ್ನ ಯಾರೂ ನೋಡಂಗಿಲ್ಲ, ಅದಕ್ಕೇ ಅಕಿ ಎಲ್ಲಾ ನೋಡ್ಯಾಳ. ಇದು ಗೊತ್ತಾದಾಗ ಕಾಲಿನ್‌ಗ ಅಂಜಿಕಿ ಆಗತದ, ಅಕಿ ಮರ್ಯಾದಿ ಹೋಗತದ ಅಂತ. ಅಂಜಿಕಿ ಕೆಳಗ ಇನ್ನೊಂದು ಇರತದ: ಹೊಟ್ಟಿಕಿಚ್ಚು. ತಾನು ಇಷ್ಟು ವರ್ಷ ಏನೂ ಮಾಡಿಲ್ಲ, ಇಕಿ ಸುಮ್ಮನ ಕೂತು ಹನ್ನೊಂದು ವರ್ಷ ಒಂದು ಕೆಲಸ ಕಟ್ಟ್ಯಾಳ ಅಂತ.

ನನ್ನ ಪ್ರಕಾರ ಇಡೀ ಪುಸ್ತಕದಾಗ ಖರೇ ಅನಸೋ ಜಾಗಾ ಇದು. ಮುತ್ತು ಕೊಡೋ ಜಾಗಾ ಅಲ್ಲ. ಹೆಂಡ್ತಿಗೆ ಒಂದು ಬಹುಮಾನ ಬಂದ್ರ, ಹೆಂಡ್ತಿ ಹೊಲಿಗಿ ಮಶಿನ್ ಇಟ್ಟು ನಾಕು ದುಡ್ಡು ಗಳಿಸಿದ್ರ ಛಲೋ ಗಂಡಸರಿಗೂ ಒಂದು ಗಳಿಗಿ ಮುಖ ಸಣ್ಣದಾಗತದ. ನಾವೆಲ್ಲಾ ನೋಡೇವಿ, ಬಾಯಿ ಬಿಟ್ಟು ಹೇಳಿಲ್ಲ ಅಷ್ಟ. ಕಾಲಿನ್ ಅದನ್ನ ಬಾಯಿ ಬಿಟ್ಟು ಅಕಿ ಮುಂದನ ಹೇಳತಾನ. ಕಡೀಕ ತುಂಬಿದ ಸಭಾದಾಗ, ಇಕಿನೇ ಬರದದ್ದು ಅಂತ ತಾನೇ ಹೆಮ್ಮೆಲೆ ಎಲ್ಲಾರಿಗೂ ತಿಳಿಸತಾನ. ಹೊಟ್ಟಿಕಿಚ್ಚಿನಿಂದ ಹೆಮ್ಮೆ ತನಕ ಬರಲಿಕ್ಕೆ ಅವನಿಗೆ ಸಾಧ್ಯ ಆದದ್ದು ಗೆಳೆತನ ಮೊದಲನ ಇತ್ತಂತ. ಮೊದಲ ಗಂಡ ಆಗಿ ಆಮ್ಯಾಲೆ ಗೆಳೆಯಾ ಆಗಲಿಕ್ಕೆ ಹೋದವನಿಗೆ ಈ ದಾರಿ ದೂರ ಆಗತದ.

ರೊಕ್ಕದ ಮಾತು ಒಂದು ಹೇಳಬೇಕು. ಆಗಿನ ಇಂಗ್ಲೆಂಡಿನ ಕಾಯ್ದೆ ಪ್ರಕಾರ ಲಗ್ನ ಆದ ಕೂಡಲೇ ಹೆಣ್ಣಮಗಳ ಕೈಯಾಗಿನ ರೊಕ್ಕ, ಸಾಮಾನು, ಗಳಿಕಿ ಎಲ್ಲಾ ಗಂಡಂದಾಗತಿತ್ತು. ಮೊದಲನ ಕಾಗದ-ಪತ್ರ ಮಾಡಿ ತಗದಿಟ್ಟರ ಮಾತ್ರ ಅಕಿದು. ಇದು ಪೂರ್ತಿ ಬದಲಾಗಲಿಕ್ಕೆ 1882ರ ಕಾಯ್ದೆ ಬರಬೇಕಾತು. ಅಂದ್ರ ಪೆನೆಲೊಪಿ ಗುಟ್ಟಾಗಿ ಬರದು ಗಳಿಸಿ ಕೂಡಿಟ್ಟ ಸಾವಿರಾರು ಪೌಂಡ್ ಅಕಿ ಲಗ್ನದ ಮರುದಿನ ಅಕಿದು ಉಳಿಯಂಗಿಲ್ಲ. ಅಂಥಾ ಕಾಲದಾಗ ಗಂಡ ಎಂಥಾಂವ ಅನ್ನೋದು ಬರೇ ಮನಸ್ಸಿನ ಪ್ರಶ್ನೆ ಅಲ್ಲ, ಜೀವನದ ಪ್ರಶ್ನೆ. ನಮ್ಮಲ್ಲೆ ಸ್ತ್ರೀಧನ ಹೆಣ್ಣಮಗಳದ್ದು ಅಂತ ಹಳೇ ಶಾಸ್ತ್ರದಾಗೂ ಅದ, 1956ರ ಕಾಯ್ದೆನೂ ಹೇಳತದ. 2005ರಾಗ ಮನೆತನದ ಆಸ್ತಿಯೊಳಗ ಮಗಳಿಗೂ ಮಗನ ಸಮ ಪಾಲು ಅಂತ ಆತು. ಆದ್ರೂ ಸಾಸಿವಿ ಡಬ್ಬ್ಯಾಗ ರೊಕ್ಕ ಮುಚ್ಚಿಡೋದು ನಾವು ಯಾರೂ ಬಿಟ್ಟಿಲ್ಲ. ಕಾಯ್ದೆ ಇದ್ರ ಸಾಲಂಗಿಲ್ಲ, ಡಬ್ಬಿ ಮುಚ್ಚಿಡೋ ಪ್ರಸಂಗ ಬರದಂಥಾ ಮನುಷ್ಯಾ ಮನ್ಯಾಗ ಇರಬೇಕು.

ಈ ಪುಸ್ತಕದ ಬಗ್ಗೆ ನಂದೊಂದು ತಕರಾರೂ ಅದ. 1824 ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಕಿತ್ತೂರು. ಆ ವರ್ಷ ಅಕ್ಟೋಬರ್ 23ಕ್ಕ ಚನ್ನಮ್ಮ ರಾಣಿಯ ಸೈನ್ಯ ಕಿತ್ತೂರಿನ ಕೋಟಿ ಮುಂದ ಕಂಪನಿ ಸರಕಾರದ ಜೋಡಿ ಯುದ್ಧ ಮಾಡಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಲಂಡನ್ನಿನ ಮಂದಿ ಡಾನ್ಸ್ ಮಾಡೋ ವರ್ಷನ ಇಲ್ಲೆ ಮಗ ಸತ್ತ ರಾಣಿ ದತ್ತು ತಗೊಂಡ ಹುಡುಗನ ಹಕ್ಕಿಗಾಗಿ ಬಡದಾಡತಿದ್ದಳು. ಆ ಲಂಡನ್ನಿನ ರೇಷ್ಮಿ, ಮೋಂಬತ್ತಿ, ಚಹಾ, ಸಕ್ಕರಿ ಇವೆಲ್ಲಾ ಎಲ್ಲಿಂದ ಬಂದು ಅನ್ನೋದನ್ನ ಇಂಥಾ ಕಾದಂಬರಿ ಕೇಳಲಿಕ್ಕೇ ಹೋಗಂಗಿಲ್ಲ. ಓದೋರು ನಾವು ಕೇಳಕೋಬೇಕು. ಕೇಳಕೊಂಡ ಮಾತ್ರಕ್ಕ ಓದೋ ಖುಷಿ ಕಡಿಮಿ ಆಗಂಗಿಲ್ಲ, ಕಣ್ಣು ತೆರಕೊಂಡು ಓದಿಧಂಗ ಆಗತದ.

ಆ ಥ್ಯಾಕರೆ ಯಾರು ಅಂದ್ರ ‘ವ್ಯಾನಿಟಿ ಫೇರ್’ ಬರದ ದೊಡ್ಡ ಲೇಖಕ ವಿಲಿಯಂ ಥ್ಯಾಕರೆಯ ಕಾಕಾ. ಆ ಕಾದಂಬರಿ 1847-48ರಾಗ ಬಂತು. ಅದರಾಗೂ ಗೆಳೆಯಾನ ಪ್ರೀತಿಯ ಕತಿ ಅದ. ಡಾಬಿನ್ ಅಂತ ಒಬ್ಬ ಸೈನ್ಯದಾಂವ ಅಮೀಲಿಯಾ ಅನ್ನೋ ಹುಡುಗಿನ್ನ ಮನಸ್ಸಿನ್ಯಾಗೇ ಪ್ರೀತಿ ಮಾಡತಾನ. ಅಕಿ ಲಗ್ನ ಆಗೋದು ಅವನ ಗೆಳೆಯಾನ್ನ. ಅಕಿ ಅಪ್ಪನ ಮನಿ ಹರಾಜ್ ಆದಾಗ ಅಕಿ ಪಿಯಾನೊ ಕೊಂಡು ಅಕಿಗೇ ಮುಟ್ಟಿಸಾಂವ ಡಾಬಿನ್, ಅಕಿ ಮಾತ್ರ ಕೊಟ್ಟಾಂವ ಜಾರ್ಜ್ ಅಂತ ತಿಳಕೋತಾಳ. ವರ್ಷಗಟ್ಟಲೆ ಕಾದು ಕಡೀಕ ಲಗ್ನ ಆಗತದ, ಆದ್ರ ಅಷ್ಟರಾಗ ಅವನ ಮನಸ್ಸಿನ ಬಿಸಿ ಆರಿರತದ. ಎರಡೂ ಕತಿ ಬಾಜೂ ಬಾಜೂ ಇಟ್ಟು ನೋಡಿದ್ರ ಗೊತ್ತಾಗತದ: ಒಬ್ಬರೇ ನೋಡಕೋತ ಕೂಡೋದು ಗೆಳೆತನ ಅಲ್ಲ, ಅದು ಕಾಯೋದು. ಗೆಳೆತನ ಅಂದ್ರ ಇಬ್ಬರೂ ನೋಡಬೇಕು.

ಗೆಳೆಯಾ ಅಂದ ಮಾತ್ರಕ್ಕ ಹೂಂ ಅನ್ನಲೇಬೇಕಂತೇನೂ ಇಲ್ಲ. ಇಂಥಾ ಕತಿಗೆಲ್ಲಾ ಮೂಲಾ ಆದ ಜೇನ್ ಆಸ್ಟೆನ್ ಇದ್ದಳಲ್ಲ, ಅಕಿ 1815ರ ಡಿಸೆಂಬರದಾಗ ‘ಎಮ್ಮಾ’ ಪ್ರಕಟ ಮಾಡಿದಳು. ಅದು ಗೆಳೆತನ ಪ್ರೀತಿ ಆಗೋ ಕತಿನ. ಆದ್ರ ಅಕಿ ಸ್ವಂತ ಬಾಳೇದಾಗ ಏನಾತು? 1802ರ ಡಿಸೆಂಬರದಾಗ ಗೆಳತ್ಯಾರ ಮನಿಗೆ ಹೋಗಿದ್ದಾಗ ಅವರ ತಮ್ಮ ಹ್ಯಾರಿಸ್ ಬಿಗ್-ವಿದರ್ ಲಗ್ನ ಆಗೂಣಂತ ಕೇಳಿದ. ಆಸ್ತಿ ಇದ್ದ ಮನಿ, ಗೊತ್ತಿದ್ದ ಮಂದಿ. ಅಕಿ ಹೂಂ ಅಂದಳು. ರಾತ್ರಿ ಕಳದು ಬೆಳಗಾಗೋದ್ರಾಗ ಒಲ್ಲೆ ಅಂದಳು. ಆಗ ಅಕಿಗೆ ಇನ್ನ 27 ತುಂಬಬೇಕು. ಮುಂದ ಲಗ್ನನೇ ಆಗಲಿಲ್ಲ, ಆರು ಕಾದಂಬರಿ ಬರದು 41ಕ್ಕ ತೀರಿಕೊಂಡಳು. ಜೂಲಿಯಾ ಕ್ವಿನ್ ಮ್ಯಾಲೆ ನನ್ನ ಇನ್ನೊಂದು ಸಿಟ್ಟು ಇದೇ. ಎಂಟೂ ಮಂದಿಗೂ ಲಗ್ನ ಮಾಡೇ ಬಿಡತಾಳ. ಪೆನೆಲೊಪಿ-ಎಲೊಯ್ಸ್ ಇಬ್ಬರೂ ಕೂಡಿ ಮುದುಕ್ಯಾರು ಆಗೂಣು ಅಂತ ಮಾತಾಡಕೊಂಡಿದ್ರು, ಆ ಗೆಳೆತನಕ್ಕೂ ಒಂದು ಪುಸ್ತಕ ಬೇಕಾಗಿತ್ತು.

‘ನಮ್ಮದು ನೋಡಿ ಆದ ಲಗ್ನ, ನಮಗೇನು ಪ್ರೀತಿ ಗೊತ್ತಿಲ್ಲೇನು’ ಅಂತ ನೀವು ಕೇಳತೀರಿ. ಗೊತ್ತದ. ನನಗ ನೋಡಲಿಕ್ಕೆ ಬಂದಾಗ ನಮ್ಮಿಬ್ಬರಿಗೆ ಮಾತಾಡಲಿಕ್ಕೆ ಕೊಟ್ಟದ್ದು ಹತ್ತು ನಿಮಿಷ, ಅದೂ ಬಾಗಿಲಾ ತೆರೆದಿಟ್ಟು. ಯಾವ ಕಾಲೇಜು ಅಂತ ಅವರು ಕೇಳಿದ್ರು, ನಾ ಹೇಳಿದೆ, ಮುಗೀತು. ಲಗ್ನ ಆಗಿ ಎಂಟು ವರ್ಷಕ್ಕ ಅವರಿಗೆ ಬಳ್ಳಾರಿಗೆ ವರ್ಗ ಆತು. ಮಕ್ಕಳ ಸಾಲಿ ಸಲವಾಗಿ ನಾನು ಅತ್ತಿಯವರು ಇಲ್ಲೇ ಉಳದ್ವಿ. ಎಸ್‌ಟಿಡಿ ಮಾಡಿದ್ರ ಮೀಟರ್ ಓಡತದಂತ ಪತ್ರ ಬರಿಯಲಿಕ್ಕೆ ಹತ್ತಿದ್ರು. ಮನ್ಯಾಗ ‘ಚಹಾ’, ‘ಪೇಪರ್’ ಅಂತ ಎರಡು ಶಬ್ದ ಆಡೋ ಮನುಷ್ಯಾ, ಪತ್ರದಾಗ ಅಲ್ಲಿಯ ಬಿಸಲು, ಖೋಲಿ ಮಾಲಕರ ಗಿಳಿ, ತಾವೇ ಮಾಡಕೊಂಡ ಸೀದ ಬ್ಯಾಳಿ ಎಲ್ಲಾ ಬರದು ನಗಸತಿದ್ರು. ನಮ್ಮ ಗೆಳೆತನ ಶುರು ಆದದ್ದು ಆವಾಗ. ಎರಡು ಮಕ್ಕಳ ತಾಯಿ ಆದ ಮ್ಯಾಲೆ. ಅದು ನನ್ನ ದೈವ ಛಲೋ ಇತ್ತು ಅಂತ ಆತು. ವರ್ಗ ಆಗಲಾರದ, ಪತ್ರ ಬರಿಲಾರದ, ನಲವತ್ತು ವರ್ಷ ಒಂದೇ ಸೂರಿನ ಕೆಳಗ ಇದ್ದೂ ಗೊತ್ತಿಲ್ಲದವರಂಗ ಉಳದ ಜೋಡಿಗೋಳನ್ನ ನಾನೂ ನೋಡೀನಿ, ನೀವೂ ನೋಡೀರಿ. ದೈವದ ಮ್ಯಾಲೆ ಬಿಡೋ ಬದಲಿ ಸ್ವಲ್ಪ ಮೊದಲ ಅವಕಾಶಾ ಕೊಟ್ಟರ ಏನು ಹಾಳಾಗತದ?

‘ಇಂಥಾ ಪುಸ್ತಕದಾಗ ಹೊಲಸು ಇರತದಂತಲ್ಲಾ’ ಅಂತ ಒಬ್ಬರು ವೈನಿ ಕೇಳಿದ್ರು. ಅದ. ಮುಚ್ಚುಮರಿ ಇಲ್ಲದ ಬರದ ಕೆಲವು ಪುಟ ಅವ. ಬ್ಯಾಡಾದ್ರ ಬೆರಳು ಸರಿಸಿ ಮುಂದ ಹೋಗ್ರಿ, ಕತಿ ತಪ್ಪಂಗಿಲ್ಲ. ನಾವು ಮಕ್ಕಳು-ಮರಿ ಹಡದವರು, ಆ ಪುಟ ನೋಡಿ ಮೂರ್ಛಿ ಹೋಗೋ ಕಾರಣಾನೂ ಇಲ್ಲ.

ಇಷ್ಟೆಲ್ಲಾ ಬರಿಯೋ ಕಾರಣಾ ನಮ್ಮ ಮನೆತನದ್ದೇ ಒಬ್ಬಾಕಿ ಹುಡುಗಿ. ಹೆಸರು ಬರಿಯಂಗಿಲ್ಲ, ಗೊತ್ತಿದ್ದವರಿಗೆ ಗೊತ್ತಾಗತದ. ಮೂವತ್ತೊಂದು ವರ್ಷ, ಕೆಲಸದಾಗ ಇದ್ದಾಳ, ಜಾಣಿ. ಕಾರ್ಯಕ್ಕ ಬಂದ್ರ ಎಲ್ಲಾರೂ ‘ಮುಂದಿನ ಊಟ ನಿಂದೇನವ’ ಅಂತ ಕೇಳತೀವಿ. ಹೋದ ಸಲ ನಿಶ್ಚಯದಾಗ ಮೂರು ತಾಸಿನ್ಯಾಗ ಹನ್ನೊಂದು ಮಂದಿ ಕೇಳಿದ್ರು, ಅಕಿನೇ ಎಣಿಸಿ ನನಗ ಹೇಳಿದಳು. ಆಮ್ಯಾಲೆ ಅಕಿ ಊಟಕ್ಕ ನಮ್ಮ ಪಂಕ್ತಿಗೆ ಬರಲಿಲ್ಲ, ಅಜ್ಜಿಗೋಳ ಬಾಜೂಕ ಕುರ್ಚಿ ಹಾಕ್ಕೊಂಡು ಕೂತಳು. ಗ್ವಾಡಿಗುಂಟ. ಈಗೀಗ ಕಾರ್ಯಕ್ಕ ಬರೋದೇ ಬಿಟ್ಟಾಳ. ಅಕಿಗೆ ವರ ಸಿಗಲಿಲ್ಲ ಅನ್ನೋದಕ್ಕಿಂತ ಅಕಿ ನಮ್ಮಿಂದ ದೂರ ಹೋಗಾಕ್ಹತ್ಯಾಳ ಅನ್ನೋದು ನನಗ ಹೆಚ್ಚಿನ ಚಿಂತಿ.

ಅದಕ್ಕ ಅಕ್ಕಾ-ತಂಗೇರ, ವೈನಿಯವರ, ಕಾಕುಗೋಳ, ಮೂರು ಮಾತು ಕೇಳಕೋತೀನಿ. ಒಂದು, ಕಾರ್ಯದ ಮನ್ಯಾಗ ಆ ಪ್ರಶ್ನೆ ಬಿಡೂಣು. ಹುಡುಗಿ ಬಂದ್ರ ಏನು ಓದಾಕ್ಹತ್ತೀ, ಕೆಲಸದಾಗ ಏನು ನಡದದ ಅಂತ ಕೇಳೂಣು. ಎರಡು, ಸ್ಥಳ ನೋಡೋವಾಗ ಹತ್ತು ನಿಮಿಷದ ಮಾತು ಸಾಕು ಅನ್ನಬ್ಯಾಡ್ರಿ. ಹೂಂ ಅಥವಾ ಒಲ್ಲೆ ಅನ್ನೋಕಿಂತ ಮೊದಲ ನಾಕೈದು ಸಲ ಭೆಟ್ಟಿ ಆಗಲಿ, ಮಾತಾಡಲಿ. ಕುಂಡಲಿ ನೋಡಲಿಕ್ಕೆ ಹದಿನೈದು ದಿನ ತಗೋತೀವಿ, ಮನಸ್ಸು ನೋಡಲಿಕ್ಕೆ ಒಂದು ತಿಂಗಳು ಕೊಡೂಣು. ಮೂರು, ಮಗಳ ಗೆಳೆಯಾ, ಮಗನ ಗೆಳತಿ ಮನಿಗೆ ಬಂದ್ರ ಬಾಗಿಲದಾಗ ನಿಲ್ಲಿಸಿ ಗೋತ್ರ ಕೇಳಬ್ಯಾಡ್ರಿ. ಒಳಗ ಕರದು ಚಹಾ ಕೊಡ್ರಿ, ನಾಕು ಚಕ್ಕಲಿ ಕೊಡ್ರಿ. ಎಲೊಯ್ಸ್‌ಳ ಅವ್ವ ಮಾಡಿದ್ದು ಅಷ್ಟನ. ಅವರು ಮುಂದ ಗೆಳೆಯರಾಗೇ ಉಳದ್ರೂ ಛಲೋನ, ಜೇನ್ ಆಸ್ಟೆನ್ ಥರ ಬೆಳಗಾಗೋದ್ರಾಗ ಒಲ್ಲೆ ಅಂದ್ರೂ ಅದನ್ನ ಕೇಳಿಸಿಕೊಳ್ಳೂಣು.

ಪುಸ್ತಕ ಓದಬೇಕು ಅನ್ನೋರು ನಮ್ಮ ಮನಿಗೆ ಬರ್ರಿ, ಫೋನಿನ್ಯಾಗ ಹಾಕಿ ಶಬ್ದದ ಅರ್ಥ ನೋಡೋದು ಹೆಂಗ ಅಂತ ತೋರಸತೀನಿ. ಇಂಗ್ಲಿಷ್ ಬ್ಯಾಡಾ ಅಂದ್ರ ದಿನಾ ಮಧ್ಯಾಹ್ನ ಮೂರಕ್ಕ ಬರ್ರಿ, ಒಂದೊಂದೇ ಅಧ್ಯಾಯ ಓದಿ ಕನ್ನಡದಾಗ ಹೇಳತೀನಿ. ಕಾಲಿನ್‌ನ ಹೊಟ್ಟಿಕಿಚ್ಚಿನ ಜಾಗಾ ಬಂದಾಗ ಮಾತ್ರ ನಿಮ್ಮ ನಿಮ್ಮ ಮನೀ ಕತಿ ನೀವೂ ಹೇಳಬೇಕು.